ಗುರುತಿಲ್ಲದ ಮೂರು ಓಲೆ

ಏಳು ಕಡಲಿನ ಆಚೆ ಒಂದು ರಾಜ್ಯ ಇತ್ತು. ರಾಜ್ಯ ಅಂತ ಕರೆದರೂ ಅಲ್ಲಿ ರಾಜ ಇರಲಿಲ್ಲ. ರಾಜರ ಕಾಟ ಸಾಕಾಗಿ ಅಲ್ಲಿಯವರ ತಾತಂದಿರು ರಾಜನ ಆಳುಗಳನ್ನೆಲ್ಲ ಹಡಗು ಹತ್ತಿಸಿ ವಾಪಸು ಕಳಿಸಿಬಿಟ್ಟಿದ್ದರು. ಅಲ್ಲಿಂದಾಚೆಗೆ ನಾಲ್ಕು ವರ್ಷಕ್ಕೊಮ್ಮೆ ಜನರೇ ಕೈ ಎತ್ತಿ ಒಬ್ಬ ಯಜಮಾನನನ್ನು ಆರಿಸುತ್ತಿದ್ದರು. ಆರಿಸುವುದಕ್ಕೆ ಎರಡು ಬಣ. ಒಂದು ಬಣದ ಬಾವುಟದಲ್ಲಿ ಆನೆ, ಇನ್ನೊಂದರ ಬಾವುಟದಲ್ಲಿ ಕತ್ತೆ. ನಗಬೇಡಿ. ಯಾರೋ ಕತ್ತೆ ಅಂತ ಬೈದಾಗ, ಹೌದು, ಭಾರ ಹೊರುವವರು ನಾವೇ ಅಂತ ಅವರು ಅದನ್ನೇ ಬಾವುಟಕ್ಕೆ ಹಾಕಿಕೊಂಡರು. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು.

ಗುಡ್ಡದ ಊರುಗಳವರು ಹೆಚ್ಚು ಕಡಿಮೆ ಎಲ್ಲ ಆನೆ ಬಾವುಟದವರು. ಕಡಲ ದಂಡೆಯ ಪಟ್ಟಣದವರು ಹೆಚ್ಚು ಕಡಿಮೆ ಎಲ್ಲ ಕತ್ತೆ ಬಾವುಟದವರು. ಗುಡ್ಡದ ಮೇಲೆ ನಿಂಗಾಜಮ್ಮ ಅಂತ ಒಬ್ಬಳಿದ್ದಳು. ಕುರಿ ಸಾಕುತ್ತಿದ್ದಳು, ಕಂಬಳಿ ನೇಯುತ್ತಿದ್ದಳು. ಹಿರಿಯರು ಕಟ್ಟಿದ್ದನ್ನು ಕಾರಣವಿಲ್ಲದೆ ಕೀಳಬಾರದು, ದುಡಿದವರ ಕೈಯಲ್ಲಿ ದುಡಿದದ್ದು ಉಳಿಯಬೇಕು, ನಮ್ಮ ಮನೆಯ ಒಲೆ ಯಾವ ಕಡೆ ಇರಬೇಕು ಅಂತ ಪಟ್ಟಣದವರು ಹೇಳಬಾರದು. ಇಷ್ಟೇ ಅವಳ ಮತ. ಅವಳಿಗೆ ಒಬ್ಬಳೇ ತಂಗಿ, ದ್ಯಾವಕ್ಕ. ಪಟ್ಟಣಕ್ಕೆ ಮದುವೆಯಾಗಿ ಹೋದವಳು, ಮದುವೆಯಾದ ವರ್ಷವೇ ಕತ್ತೆ ಬಾವುಟ ಹಿಡಿದವಳು.

ಹಿಡಿದರೆ ಹಿಡಿಯಲಿ. ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿ ಮುಗಿದ ಮೇಲೆ ಒಂದು ದಿನ ಮನೆಮಂದಿ ಎಲ್ಲಿದ್ದರೂ ಬಂದು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅವತ್ತು ದೊಡ್ಡ ಕೋಳಿಯ ಸಾರು, ಸಿಹಿಗುಂಬಳದ ಕಡುಬು. ಮೊದಲ ತುತ್ತನ್ನು ಮಾತ್ರ ತಾವೇ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ, ಬೇರೆ ಬಾವುಟದವರ ಬಾಯಿಗೆ ಹಾಕಬೇಕು. ಮೂವತ್ತು ವರ್ಷ ಅಕ್ಕ ತಂಗಿಗೆ ತುತ್ತು ಹಾಕಿದಳು, ತಂಗಿ ಅಕ್ಕನಿಗೆ ಹಾಕಿದಳು. ಆಮೇಲೆ ಸಂಜೆತನಕ ಯಜಮಾನರ ವಿಷಯಕ್ಕೆ ಜಗಳ. ಜಗಳ ಮುಗಿಸಿ ಇಬ್ಬರೂ ಒಂದೇ ಕಂಬಳಿ ಹೊದ್ದು ಮಲಗುತ್ತಿದ್ದರು.

ಈಗ ನಗಾರಿ ಮನೆಯ ವಿಷಯಕ್ಕೆ ಬರೋಣ. ಪಟ್ಟಣದ ಚೌಕದಲ್ಲಿ ದೊಡ್ಡದೊಂದು ನಗಾರಿ ಮನೆ. ಊರೂರಿನ ಸುದ್ದಿ ಓಲೆಯಲ್ಲಿ ಬರಬೇಕು, ನಗಾರಿಯವರು ಅದನ್ನು ಬಡಿದು ಸಾರಬೇಕು. ಯಾವ ಬಣದ ಊರಿನ ಓಲೆ ಅನ್ನುವುದಕ್ಕೆ ಮೇಲೆ ಆನೆಯದೋ ಕತ್ತೆಯದೋ ಮುದ್ರೆ ಇರುತ್ತಿತ್ತು. ಹಿಂದೆ ಬೊಮ್ಮಯ್ಯ ಅನ್ನುವವನು ಅಲ್ಲಿಯ ಹಿರಿಯನಾಗಿದ್ದ. ಅವನು ಓಲೆ ಬಂದ ಊರಿಗೆ ತಾನೇ ನಡೆದು ಹೋಗಿ, ಕೆಲಸ ಮಾಡಿದವರನ್ನೇ ಕೇಳಿಕೊಂಡು ಬಂದು, ಆಮೇಲೆ ಕೋಲು ಎತ್ತುತ್ತಿದ್ದ. ಅವನು ತೀರಿಕೊಂಡ ಮೇಲೆ ಸಿರಿಯಪ್ಪ ಬಂದ.

ಸಿರಿಯಪ್ಪ ಓದಿದವನು, ಮಾತು ಬಲ್ಲವನು. ಅವನಿಗೆ ಕತ್ತೆ ಬಾವುಟ ಇಷ್ಟ. ಅದು ತಪ್ಪಲ್ಲ, ಯಾರಿಗಾದರೂ ಯಾವುದೋ ಒಂದು ಇಷ್ಟ ಇದ್ದೇ ಇರುತ್ತದೆ. ಆದರೆ ಅವನ ಜೊತೆಯ ಹತ್ತು ಜನಕ್ಕೂ ಕತ್ತೆಯೇ ಇಷ್ಟ. ಹನ್ನೊಂದು ಜನವೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದರು, ಒಂದೇ ಮಾತಿಗೆ ನಗುತ್ತಿದ್ದರು. ಗುಡ್ಡ ಹತ್ತಿ ನೋಡಿದವರು ಒಬ್ಬರೂ ಇರಲಿಲ್ಲ. ಓಲೆ ಬಂದರೆ ಸಿರಿಯಪ್ಪ ಮೊದಲು ಮುದ್ರೆ ನೋಡುತ್ತಿದ್ದ. ಆನೆ ಕಂಡರೆ ದಪ್ಪ ಕೋಲು, ಕತ್ತೆ ಕಂಡರೆ ಬಟ್ಟೆ ಸುತ್ತಿದ ಕೋಲು.

ಮೊದಲನೆಯ ವರ್ಷ ಗುಡ್ಡದವರು ತೋಳಗಳ ಕಾಟಕ್ಕೆ ಊರ ಸುತ್ತ ಬೇಲಿ ಹಾಕಿದರು. ನೆರೆಯವರ ಮುಖ ನೋಡಲಾರದೆ ಬೇಲಿ ಹಾಕಿಕೊಂಡರು ಅಂತ ನಗಾರಿ ಬಡಿಯಿತು. ಆ ಸುಗ್ಗಿಗೆ ದ್ಯಾವಕ್ಕ ಬರಲಿಲ್ಲ. ಮೈ ಸರಿಯಿಲ್ಲ ಅಂತ ಹೇಳಿಕಳಿಸಿದಳು.

ಎರಡನೆಯ ವರ್ಷ ಗುಡ್ಡದವರು ಮಠಕ್ಕೆ ಹೋಗಿ, ನಮ್ಮ ಮಕ್ಕಳಿಗೆ ಏನು ಕಲಿಸುತ್ತಿದ್ದೀರಿ ಅಂತ ಉಪಾಧ್ಯಾಯರನ್ನು ಕೇಳಿದರು. ಉಪಾಧ್ಯಾಯರ ಮೇಲೆ ದಂಗೆ ಎದ್ದರು ಅಂತ ನಗಾರಿ ಬಡಿಯಿತು. ಆ ಸುಗ್ಗಿಗೂ ದ್ಯಾವಕ್ಕ ಬರಲಿಲ್ಲ. ಒಂದು ಕುಂಬಳಕಾಯಿ ಕಳಿಸಿದಳು.

ಮೂರನೆಯ ವರ್ಷ ಗುಡ್ಡದ ಹಿರಿಯರು ಯಜಮಾನನ ಮಾತು ಒಪ್ಪಿಗೆಯಾಗದೆ ಸಭೆಯಿಂದ ಎದ್ದು ಬಂದರು. ರಾಜ್ಯ ಒಡೆಯಲು ಹೊರಟಿದ್ದಾರೆ ಅಂತ ನಗಾರಿ ಬಡಿಯಿತು. ಆ ಸುಗ್ಗಿಗೆ ಕುಂಬಳಕಾಯಿಯೂ ಬರಲಿಲ್ಲ. ಅಂಥವರ ಮನೆಯಲ್ಲಿ ನನ್ನ ಮೊಮ್ಮಕ್ಕಳಿಗೆ ಊಟ ಇಳಿಯುವುದಿಲ್ಲ ಅನ್ನುವ ಮಾತು ಬಂತು.

ನಿಂಗಾಜಮ್ಮ ಆ ದಿನವೂ ತಂಗಿಗೆ ಎಲೆ ಹಾಕಿದ್ದಳು. ಎಲೆಯ ಮುಂದೆ ಕೂತು ಅತ್ತಳು. ತಂಗಿಯ ಜೊತೆ ಒಂದು ಸಲ ಜಗಳ ಆಡಿದರೆ ಸಾಕಾಗಿತ್ತು ಅವಳಿಗೆ. ಮುಖ ನೋಡಿ ಬೈದರೆ ತಿರುಗಿ ಬೈಯಬಹುದು, ನಗಬಹುದು. ಮಾತೇ ಇಲ್ಲದವಳ ಜೊತೆ ಏನು ಮಾಡುವುದು? ಉಪ್ಪಿನ ಗಾಡಿಯವನು ಪಟ್ಟಣದಿಂದ ಬಂದಾಗಲೆಲ್ಲ ಅವನನ್ನು ಕೂರಿಸಿಕೊಂಡು ತಂಗಿಯ ಬೀದಿಯ ಸುದ್ದಿ ಕೇಳುವುದು ಅವಳ ಚಾಳಿಯಾಯಿತು. ಅಲ್ಲಿ ಯಾರು ಹೆತ್ತರು, ಯಾರು ಸತ್ತರು, ಯಾರು ಏನು ಕಟ್ಟಿದರು, ಯಾರು ಯಾರನ್ನು ಕೇಳಿದರು, ಯಾರು ಎಲ್ಲಿಂದ ಎದ್ದು ಬಂದರು, ಎಲ್ಲ ಬೇಕು. ಉಪ್ಪು ಮಾತ್ರ ಬೇಕಿರಲಿಲ್ಲ, ಆದರೂ ಮನೆ ತುಂಬ ಉಪ್ಪು ತುಂಬಿತು.

ಊರಿನ ಗಂಡಸರಿಗೆ ಸಿಟ್ಟು. ನಾವೂ ಒಂದು ನಗಾರಿ ಮಾಡಿಸೋಣ, ನಮ್ಮದನ್ನೆಲ್ಲ ಒಳ್ಳೆಯದು ಅಂತ ಬಡಿಯೋಣ, ಅವರದ್ದನ್ನೆಲ್ಲ ಕೆಟ್ಟದ್ದು ಅಂತ ಬಡಿಯೋಣ ಅಂದರು. ನಿಂಗಾಜಮ್ಮನಿಗೂ ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬೇಡ ಅಂದಳು.

"ಅವರ ನಗಾರಿ ಕೇಳಿ ನನ್ ತಂಗಿ ಬರ್ಲಿಲ್ಲ. ನಮ್ ನಗಾರಿ ಕೇಳಿದ್ರೆ ಬಂದ್ಬಿಡ್ತಾಳಾ?"

ಅವಳು ಕಂಬಳಿ ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದಳು.

ಯಜಮಾನನನ್ನು ಆರಿಸುವ ಕಾಲ ಹತ್ತಿರ ಬಂದಿತ್ತು. ಆ ತಿಂಗಳು ಯಾವ ಪ್ರಜೆಯಾದರೂ ಚೌಕದಲ್ಲಿ ಮೂರು ಓಲೆ ಕೊಟ್ಟು ಸಾರಿಸಬಹುದು, ಅದು ತಾತಂದಿರ ಕಾಲದ ಹಕ್ಕು. ಚೌಕದ ತುಂಬ ಜನ. ಜನರ ನಡುವೆ ದ್ಯಾವಕ್ಕ ತನ್ನ ಬೀದಿಯವರ ಜೊತೆ ನಿಂತಿದ್ದಳು. ಅಕ್ಕನನ್ನು ಕಂಡಳು, ಮುಖ ತಿರುಗಿಸಿದಳು. ನಿಂಗಾಜಮ್ಮ ಅದನ್ನು ನೋಡಿದಳು. ನೋಡಿಯೂ ನಗಾರಿ ಮನೆಯ ಕಟ್ಟೆ ಹತ್ತಿದಳು.

ಮೂರು ಓಲೆಯನ್ನೂ ಸಿರಿಯಪ್ಪನ ಕೈಗಿಟ್ಟಳು. ಅವನು ಅಭ್ಯಾಸದಂತೆ ಮುದ್ರೆ ಹುಡುಕಿದ. ಮುದ್ರೆ ಇಲ್ಲ. ತಿರುಗಿಸಿ ನೋಡಿದ. ಅಲ್ಲೂ ಇಲ್ಲ. ತಲೆ ಎತ್ತಿ ಅವಳನ್ನು ನೋಡಿದ. ಒರಟು ಕಂಬಳಿ, ಕೆಂಪು ಮಣ್ಣು ಮೆತ್ತಿದ ಕಾಲು. ಯಾವ ಕಡೆಯವಳು ಅಂತ ಕೇಳಿದ. ಗುಡ್ಡದವಳು ಅಂತ ಅವಳು ನಿಜವನ್ನೇ ಹೇಳಿದಳು. ಓಲೆಯಲ್ಲಿರುವ ಕೆಲಸ ಯಾರದ್ದು ಅಂತ ಕೇಳಿದ್ದರೆ ಅದನ್ನೂ ಹೇಳುತ್ತಿದ್ದಳು. ಅವನು ಕೇಳಲಿಲ್ಲ. ದಪ್ಪ ಕೋಲು ಎತ್ತಿಕೊಂಡ.

ಮೊದಲನೆಯ ಓಲೆಯಲ್ಲಿ ಇದ್ದದ್ದು, ಒಂದು ಕಡೆಯ ಜನ ತಮ್ಮ ಜಾಗಕ್ಕೆ ಬೇಲಿ ಹಾಕಿದರು ಅಂತ ಅಷ್ಟೇ. ಕಲ್ಲೆದೆಯವರು ಬೇಲಿ ಹಾಕಿದರು ಅಂತ ಸಿರಿಯಪ್ಪ ಬಡಿದ. ಜನ ಛೀ ಅಂದರು.

ಎರಡನೆಯದರಲ್ಲಿ ಇದ್ದದ್ದು, ಅದೇ ಜನ ಮಠಕ್ಕೆ ಹೋಗಿ ಮಕ್ಕಳ ಪಾಠದ ಬಗ್ಗೆ ಕೇಳಿದರು ಅಂತ. ವಿದ್ಯೆಯ ಗಂಧವಿಲ್ಲದವರು ಉಪಾಧ್ಯಾಯರನ್ನು ಹೆದರಿಸಿದರು ಅಂತ ಬಡಿದ. ಜನ ಛೀ ಛೀ ಅಂದರು.

ಮೂರನೆಯದರಲ್ಲಿ ಇದ್ದದ್ದು, ಅವರ ಹಿರಿಯರು ಒಪ್ಪಿಗೆಯಾಗದೆ ಸಭೆಯಿಂದ ಎದ್ದು ಬಂದರು ಅಂತ. ಮನೆಮುರುಕರು ರಾಜ್ಯ ಒಡೆಯುತ್ತಿದ್ದಾರೆ ಅಂತ ಕೈಸೋಲುವಷ್ಟು ಬಡಿದ. ಅಂಥವರನ್ನು ಊರು ಬಿಡಿಸಬೇಕು ಅಂತ ಜನ ಕೂಗಿದರು.

ಕೂಗು ಇಳಿಯುವ ತನಕ ನಿಂಗಾಜಮ್ಮ ಕಾದಳು. ಆಮೇಲೆ ಜನರ ಕಡೆ ತಿರುಗಿದಳು.

"ಇದು ಗುಡ್ಡದವ್ರ ಕೆಲ್ಸ ಅಂತ ನಾನ್ ಹೇಳ್ಲಿಲ್ಲ. ಓಲೇಲೂ ಇಲ್ಲ. ಮಾಡ್ದೋರು ಇಲ್ಲೇ ನಿಂತವ್ರೆ. ಅವ್ರೇ ಹೇಳ್ಲಿ."

ಈಗ ತಂಗಿ ಸುಮ್ಮನಿದ್ದುಬಿಟ್ಟರೆ ಗುಡ್ಡದವರ ಮಾನವೂ ಹೋಯಿತು, ತಂಗಿಯೂ ಹೋದಳು. ಅವಳು ಬೇರೆ ಯಾರನ್ನೂ ನೋಡಲಿಲ್ಲ, ದ್ಯಾವಕ್ಕನನ್ನೇ ನೋಡಿದಳು.

ದ್ಯಾವಕ್ಕ ಬೀದಿಯವರ ನಡುವಿನಿಂದ ಮುಂದೆ ಬಂದಳು.

"ಬೇಲಿ ನಮ್ದು. ಬೀಡಾಡಿ ಹಂದಿ ಬರ್ತವೆ ಅಂತ ನಮ್ ಬೀದಿಯೋರೇ ಹಾಕಿದ್ವಿ, ಗೂಟ ನಾನೇ ಹಿಡ್ಕೊಂಡಿದ್ದೆ. ಮಠಕ್ಕೆ ಹೋಗಿದ್ದೂ ನಾವೇ. ಸಭೆಯಿಂದ ಎದ್ದು ಬಂದಿದ್ದು ನನ್ ಗಂಡ."

ಜನ ಸಿರಿಯಪ್ಪನನ್ನು ನೋಡಿದರು. ಸಿರಿಯಪ್ಪ ಕೆಮ್ಮಿದ. ಹಾಗಿದ್ದರೆ ವಿಷಯ ಬೇರೆ, ಅದು ಒಳ್ಳೆಯ ಕೆಲಸವೇ ಇರಬೇಕು ಅಂದ. ಹೇಳುತ್ತ ಹೇಳುತ್ತಲೇ ಅವನ ಕೈ ದಪ್ಪ ಕೋಲು ಬಿಟ್ಟು ಬಟ್ಟೆ ಸುತ್ತಿದ ಕೋಲಿನ ಕಡೆ ಹೋಯಿತು. ಇಷ್ಟು ವರ್ಷ ಒಳಗೆ ನಡೆಯುತ್ತಿದ್ದದ್ದು ಇವತ್ತು ಚೌಕದಲ್ಲಿ ಎಲ್ಲರ ಕಣ್ಣ ಮುಂದೆ ನಡೆಯಿತು. ಮೊದಲು ಒಬ್ಬ ನಕ್ಕ, ಆಮೇಲೆ ಇಡೀ ಚೌಕ ನಕ್ಕಿತು. ಕತ್ತೆ ಬಾವುಟದವರೇ ಹೆಚ್ಚು ಜೋರಾಗಿ ನಕ್ಕರು. ಅವರೂ ನ್ಯಾಯ ಬಲ್ಲವರೇ, ಕೇಳುವ ಸಂದರ್ಭ ಬಂದಿರಲಿಲ್ಲ ಅಷ್ಟೇ.

ಅವತ್ತೇ ಕಟ್ಟಳೆಯಾಯಿತು. ಓಲೆಗೆ ಮುದ್ರೆ ಇರಕೂಡದು. ನಗಾರಿಗೆ ಒಂದೇ ಕೋಲು. ಸಾರುವ ಮುಂಚೆ ಸಿರಿಯಪ್ಪ ಆ ಊರಿಗೆ ನಡೆದು ಹೋಗಿ, ಮಾಡಿದವರನ್ನೇ ಕೇಳಿಕೊಂಡು ಬರಬೇಕು. ಮೊದಲ ಸಲ ಗುಡ್ಡ ಹತ್ತುವಾಗ ಅವನು ಏಳು ಕಡೆ ಕೂತ. ನಿಂಗಾಜಮ್ಮ ಮಜ್ಜಿಗೆ ಕೊಟ್ಟಳು. ಅವನು ಗುಡ್ಡದವರ ಎರಡು ತಪ್ಪನ್ನು ಕಂಡುಕೊಂಡು ಹೋಗಿ ಸಾರಿದ. ಅವಳು ಗೊಣಗಿದಳು, ಆದರೆ ಎರಡೂ ನಿಜವಾದ್ದರಿಂದ ಸುಮ್ಮನಾದಳು.

ಕಟ್ಟಳೆಯಾದ ದಿನ ಚೌಕ ಖಾಲಿಯಾದ ಮೇಲೆ ತಂಗಿ ಅಕ್ಕನ ಹತ್ತಿರ ಬಂದಿದ್ದಳು. ನೀವು ಬೇಲಿ ಯಾಕೆ ಹಾಕಿದ್ದು ಅಂತ ನಾನು ಒಂದು ಸಲವಾದರೂ ಬಂದು ಕೇಳಬೇಕಿತ್ತು ಅಂದಳು.

"ಕೇಳಕ್ಕೆ ಬಂದಿದ್ರೆ ಊಟನೂ ಆಗ್ತಿತ್ತು" ಅಂದಳು ನಿಂಗಾಜಮ್ಮ.

ಆ ಸುಗ್ಗಿಗೆ ದ್ಯಾವಕ್ಕ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದಳು. ಅಕ್ಕತಂಗಿ ಸಂಜೆತನಕ ಜಗಳ ಆಡಿದರು. ಆದರೆ ತಂಗಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈ ನಡುವೆ ಹುಟ್ಟಿದ ಅವಳ ಮೊಮ್ಮಗ ಅಂಗಳದಲ್ಲಿ ಓಡಾಡುತ್ತಿದ್ದ. ನಿಂಗಾಜಮ್ಮ ಬಾ ಅಂತ ಕೈ ಚಾಚಿದರೆ, ಯಾರೋ ಎಂದು ಹೆದರಿ ಅಜ್ಜಿಯ ಸೆರಗಿನ ಹಿಂದೆ ಹೋದ. ಅವನು ಮೊದಲ ಹೆಜ್ಜೆ ಇಟ್ಟಾಗ ನಿಂಗಾಜಮ್ಮ ಜೊತೆಗಿರಲಿಲ್ಲ. ಆ ಮೂರು ವರ್ಷವನ್ನು ಅವಳಿಗೆ ಯಾರೂ ವಾಪಸು ಕೊಡಲಿಲ್ಲ, ಕೊಡುವುದಕ್ಕೆ ಆಗುವುದೂ ಇಲ್ಲ.

ಕೇಳಿದಿರಲ್ಲ, ನೀತಿ ಇಷ್ಟೇ. ಮಾಡಿದವರು ಯಾರು ಅಂತ ನೋಡಿಕೊಂಡು ಒಳ್ಳೆಯದು ಕೆಟ್ಟದ್ದು ಹೇಳುವವನು ಸುದ್ದಿ ಹೇಳುತ್ತಿಲ್ಲ, ಮನೆ ಒಡೆಯುತ್ತಿದ್ದಾನೆ. ನಿಮ್ಮವರ ಬಗ್ಗೆ ಏನಾದರೂ ಕಿವಿಗೆ ಬಿದ್ದರೆ ನಡೆದು ಹೋಗಿ ಅವರನ್ನೇ ಕೇಳಿ. ಮಕ್ಕಳು ನಿಮಗಾಗಿ ಕಾಯುವುದಿಲ್ಲ, ದೊಡ್ಡವರಾಗಿಬಿಡುತ್ತಾರೆ. ಇವತ್ತೇ ಹೋಗಿ.