ಹೆಗಲ ಮಡಿಕೆ

ಜಪಾನ್ ದೇಶದಲ್ಲಿ ಒಂದು ನದಿ. ಅದರ ದಂಡೆಯ ಪುಟ್ಟ ಆಶ್ರಮದಲ್ಲಿ ಚಿಗೆನ್ ಎಂಬ ವಯಸ್ಸಾದ ಸನ್ಯಾಸಿನಿ ಇದ್ದರು. ಅವರ ಶಿಷ್ಯೆ ಒಸೇನ್ ಎಂಬ ಹುಡುಗಿ.

ಅವತ್ತು ಬೆಳಗಿನಿಂದ ಒಸೇನ್ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು.

ಪಾಪ, ಅವಳ ಸಂಕಟ ಅವಳಿಗೆ. ಅಪ್ಪ ಅಮ್ಮ ತೀರಿಹೋದ ಮೇಲೆ ಪುಟ್ಟ ತಮ್ಮ ತೋಕು ಚಿಕ್ಕಪ್ಪನ ಪಾಲಾಗಿದ್ದ. ಚಿಕ್ಕಪ್ಪ ಈಗ ಅವನನ್ನು ಸಂಜೆಯ ದೋಣಿಯಲ್ಲಿ ದೂರದ ಎಣ್ಣೆ ಗಾಣಕ್ಕೆ ದುಡಿಯಲು ಕಳಿಸುವವನಿದ್ದ. "ಸಾಕೋಕೆ ದೊಡ್ಡವರು ಅಂತ ಯಾರಾದರೂ ಇದ್ದರೆ ಬಂದು ಕೇಳಲಿ, ಕೊಡ್ತೀನಿ" ಎಂದು ಹೇಳಿಕಳಿಸಿದ್ದ.

ದೊಡ್ಡವರಂತೆ! ಆ ಸೀಮೆಯಲ್ಲಿ ಮಕ್ಕಳ ಕಿಮೋನೊವನ್ನು ದೊಡ್ಡ ಅಳತೆಗೇ ಮಾಡಿಸಿ, ಹೆಗಲ ಹತ್ತಿರ ಬಟ್ಟೆ ಮಡಿಸಿ ಹೊಲಿಗೆ ಹಾಕುತ್ತಾರೆ. ಆ ಹೊಲಿಗೆ ಬಿಚ್ಚಿದ ದಿನ ದೊಡ್ಡವರ ಸಾಲಿಗೆ ಸೇರಿದ ಹಾಗೆ. ಒಸೇನಳ ಹೊಲಿಗೆಯನ್ನು ಯಾರೂ ಬಿಚ್ಚಿರಲಿಲ್ಲ.

"ಗುರುಗಳೇ, ತೋಕು ಬಂದರೆ ಇಲ್ಲಿ ಜಾಗ ಕೊಡ್ತೀರಾ?"

"ಅದಕ್ಕೇನು, ಇನ್ನೊಂದು ಚಾಪೆ ಹಾಸಿದರಾಯಿತು."

"ಹಾಗಾದರೆ ಈ ಹೊಲಿಗೆ ಬಿಚ್ಚಿಬಿಡಿ. ಈಗಲೇ."

ಚಿಗೆನ್ ಕತ್ತರಿ ತಂದು ಅವಳ ಕೈಗೇ ಕೊಟ್ಟರು.

"ನಾನೇ ಬಿಚ್ಚಿಕೊಳ್ಳೋದಾ? ಹಿರಿಯರು ಬಿಚ್ಚಬೇಕಲ್ಲವಾ?"

"ಯಾರು ಕತ್ತರಿಸಿದರೂ ದಾರ ತುಂಡಾಗುತ್ತೆ, ಮಗೂ."

"ಮಗು ಅನ್ನಬೇಡಿ!" ಎಂದು ಸಿಡುಕಿದಳು. ಕಿಮೋನೊ ಕಳಚಿ ಸರಸರ ದಾರ ಕತ್ತರಿಸಿ, ಮತ್ತೆ ತೊಟ್ಟು ಚಿಕ್ಕಪ್ಪನ ಮನೆಗೆ ಓಡಿದಳು. ಅಬ್ಬಾ, ಅವಳ ಅವಸರವೇ!

ಹೋದಷ್ಟೇ ಬೇಗ ವಾಪಸಾದಳು. ಕಿಮೋನೊ ಕಳಚಿ, ಒಳ ಅಂಗಿಯಲ್ಲೇ ನದಿಯ ಕಲ್ಲಿನ ಮೇಲೆ ಕೂತು, ಬಟ್ಟೆಯ ಹೆಗಲನ್ನು ಬೂದಿ ಹಾಕಿ ತಿಕ್ಕತೊಡಗಿದಳು.

ಚಿಗೆನ್ ಪಕ್ಕದಲ್ಲಿ ಬಂದು ಕೂತರು. "ಏನಾಯಿತು?"

"ನೋಡಿ ಇದನ್ನು!"

ಉಳಿದ ಬಟ್ಟೆಯೆಲ್ಲ ಬಣ್ಣ ಹೋಗಿ ಬೂದುಬೂದಾಗಿತ್ತು. ಮಡಿಕೆಯೊಳಗೆ ಇದ್ದಷ್ಟು ಮಾತ್ರ ಕಡುನೀಲಿ. ಹೆಗಲ ಮೇಲೆ ಒಂದು ಪಟ್ಟಿ ಎದ್ದು ಕಾಣುತ್ತಿತ್ತು.

"ಚಿಕ್ಕಪ್ಪ ನಾಲ್ಕು ಜನರ ಮುಂದೆ ನಕ್ಕುಬಿಟ್ಟ. 'ನೋಡ್ರಪ್ಪಾ, ದೊಡ್ಡ ಹೆಂಗಸು ಬಂದಳು! ನಿನ್ನೆವರೆಗೂ ಮಗುವಾಗಿದ್ದದ್ದು ಹೆಗಲ ಮೇಲೇ ಕಾಣ್ತಿದೆ' ಅಂದ. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು."

ಮತ್ತೆ ತಿಕ್ಕಿದಳು. ಬೆರಳ ಗಿಣ್ಣು ಕೆಂಪಾದವು. ಪಟ್ಟಿ ಇನ್ನಷ್ಟು ನೀಲಿಯಾಗಿ ಹೊಳೆಯಿತು.

"ತೋಕುವನ್ನು ಕೊಡಲ್ಲ ಅಂದನಾ?"

ಒಸೇನಳ ಕೈ ನಿಂತಿತು.

"ನಾನು ಕೇಳಲೇ ಇಲ್ಲ."

"ಹುಡುಗ ಮನೆಯಲ್ಲಿ ಇರಲಿಲ್ಲವೋ?"

"ಇದ್ದ. ಓಡಿ ಬಂದು ನನ್ನ ತೋಳು ಹಿಡಕೊಂಡ. ಬಿಡಿಸಿಕೊಂಡು ಬಂದೆ. ನಗ್ತಾ ಇದ್ದರಲ್ಲ, ಗುರುಗಳೇ, ಎಲ್ಲರೂ ನಗ್ತಾ ಇದ್ದರು..."

ಮುಖ ಮುಚ್ಚಿಕೊಂಡು ಅತ್ತಳು. ನಾಚಿಕೆಗೆ ಅಲ್ಲ ಈ ಸಲ. ಆ ಪುಟ್ಟ ಕೈಯನ್ನು ಕಿತ್ತು ಹಾಕಿದ್ದಕ್ಕೆ ಅತ್ತಳು.

ಚಿಗೆನ್ ನೀರಿನಿಂದ ಕಿಮೋನೊ ಎತ್ತಿ ಹಿಂಡಿದರು.

"ಮತ್ತೆ ಹೋಗಬೇಕು," ಎಂದಳು ಒಸೇನ್, ಕಣ್ಣೊರೆಸಿಕೊಳ್ಳುತ್ತ. "ಆದರೆ ಈ ಕಲೆ ಇಟ್ಟುಕೊಂಡು ಅವರ ಮುಂದೆ ಹೇಗೆ ನಿಲ್ಲಲಿ? ಇದು ಹೋಗೋದೇ ಇಲ್ಲವಾ?"

ಚಿಗೆನ್ ಒದ್ದೆ ಕಿಮೋನೊವನ್ನು ಹಾಗೇ ಅವಳಿಗೆ ತೊಡಿಸಿ, ಸೊಂಟದ ಪಟ್ಟಿ ಬಿಗಿದು ಕಟ್ಟಿದರು.

"ಅದು ಕಲೆಯಲ್ಲ. ಅಷ್ಟು ಬಟ್ಟೆ ಇನ್ನೂ ಬಿಸಿಲು ಕಂಡಿಲ್ಲ. ನಡಿ, ದೋಣಿ ಇನ್ನೂ ಬಿಟ್ಟಿಲ್ಲ."