ಹಾಲಮ್ಮನ ಮುನ್ನೂರು ಮನೆ

"ಗುರುಗಳೇ, ಉಪಕಾರ ಮಾಡಿದವರಿಗೆ ಕೈ ಮುಗಿಯುವುದು ನನಗೆ ಅರ್ಥವಾಗುತ್ತದೆ. ಆದರೆ ನೀವು ದಿನಾ ಬೆಳಿಗ್ಗೆ 'ಮಾಡಿದವರಿಗೆ ಶರಣು, ಮಾಡದವರಿಗೂ ಶರಣು' ಎನ್ನುತ್ತೀರಿ. ಏನೂ ಮಾಡದವನಿಗೆ ನಾವೇಕೆ ಶರಣೆನ್ನಬೇಕು?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ನಕ್ಕರು. "ಮೂರು ವರ್ಷ ನನ್ನ ಜೊತೆ ಗಿಣಿಯ ಹಾಗೆ ಹೇಳಿದೆ. ಇವತ್ತಾದರೂ ಕೇಳಿದೆಯಲ್ಲ, ಪುಣ್ಯ! ಕೂತುಕೋ. ಹರಿಹರದ ಹಾಲಮ್ಮನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಹಾಲಮ್ಮ ಗಂಡು ಹೆಣ್ಣಿನ ಸಂಬಂಧ ಕುದುರಿಸುವವಳು. ಮೂವತ್ತು ವರ್ಷದಿಂದ ಅದೇ ಅವಳ ಕೆಲಸ. ಡಾಕ್ಟರ ಮುಂದೆ ಬಾಯಿ ಬಿಡದವರೂ ಅವಳ ಮುಂದೆ ಬಾಯಿ ಬಿಡುತ್ತಿದ್ದರು. ಬಿಡದೆ ಏನು ಮಾಡುತ್ತಾರೆ? ಮದುವೆಯ ಮಾತು ಬಂದಾಗ ಹೇಳಲು ಕಷ್ಟವಾಗುವಂಥದ್ದು ಒಂದಾದರೂ ಪ್ರತಿ ಮನೆಯಲ್ಲೂ ಇರುತ್ತದೆ. ಅಂಥದ್ದನ್ನು ಕೇಳಿಸಿಕೊಂಡ ಮೇಲೆ ಹಾಲಮ್ಮ ಹೇಳುತ್ತಿದ್ದ ಮಾತು ಇಷ್ಟೇ: "ಮುಚ್ಚಿಟ್ಟು ಮದುವೆ ಮಾಡಿಸೋಳಲ್ಲ ನಾನು. ಹಾಗಂತ ನಾನಾಗಿ ಯಾರ ಹತ್ತಿರವೂ ಬಾಯಿ ಬಿಡೋದಿಲ್ಲ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ ಮೇಲೆ, ಯಾರ ವಿಷಯವೋ ಅವರೇ ಎದುರು ಕೂತು ಹೇಳಬೇಕು."

ಮೊದಮೊದಲು ಎಲ್ಲವೂ ಅವಳ ತಲೆಯಲ್ಲೇ ಇತ್ತು. ಆಮೇಲೆ ನೋಟುಪುಸ್ತಕಗಳು ಬಂದವು. ಅರವತ್ತು ದಾಟಿದ ಮೇಲೆ ಒಂದು ಟ್ಯಾಬ್ ಕೊಂಡಳು. ಫೋಟೊ, ಜಾತಕ, ಫೋನ್ ನಂಬರು ಎಲ್ಲ ಅದಕ್ಕೇ ಹೋದವು. ಪ್ರತಿ ಹೆಸರಿನ ಕೆಳಗೆ 'ಹೇಳಬೇಕಾದ್ದು' ಎಂದು ಬರೆದು, ಆ ಮನೆಯವರು ಕಣ್ಣೀರು ಹಾಕಿ ಹೇಳಿದ್ದನ್ನೂ ಅಲ್ಲೇ ಸೇರಿಸುತ್ತಿದ್ದಳು. ವಯಸ್ಸಾಯಿತು, ತಾನು ಮರೆತು ಯಾರಿಗಾದರೂ ಅನ್ಯಾಯವಾದರೆ ಎಂಬ ಹೆದರಿಕೆ ಅವಳಿಗೆ.

ಆ ವರ್ಷ ರತ್ನಮಾಲಾ ಎಂಬ ಹುಡುಗಿಗೆ ಒಳ್ಳೆಯ ಸಂಬಂಧ ಬಂತು. ಹುಡುಗ ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು. ರತ್ನಮಾಲಾಳದೂ ಹೇಳಬೇಕಾದ್ದು ಒಂದಿತ್ತು. ಭಾನುವಾರ ಹುಡುಗ ಮನೆಗೆ ಬಂದಾಗ ತಾನೇ ಹೇಳುವುದಾಗಿ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಅಲ್ಲಿಯವರೆಗೆ ಅದು ಗೊತ್ತಿದ್ದದ್ದು ಅವಳಿಗೆ, ಅವಳ ತಾಯಿಗೆ, ಹಾಲಮ್ಮನಿಗೆ. ಬಿಟ್ಟರೆ ಆ ಟ್ಯಾಬಿಗೆ.

ಗುರುವಾರ ಹಾಲಮ್ಮ ಆಟೋದಿಂದ ಇಳಿಯಲು ಹೊರಟಳು. ಟ್ಯಾಬ್ ಮಡಿಲಲ್ಲಿದೆ ಎಂಬುದನ್ನು ಮರೆತು ಎದ್ದು ನಿಂತಳು. ಅದು ಕಲ್ಲಿನ ಮೇಲೆ ಬೋರಲು ಬಿತ್ತು. ಎತ್ತಿ ನೋಡಿದರೆ ಗಾಜು ಪುಡಿಪುಡಿ, ಅರ್ಧ ಕಪ್ಪು, ಬೆರಳಿಟ್ಟರೆ ಮಿಸುಕುವುದಿಲ್ಲ. "ಅಯ್ಯೋ ನನ್ನ ಕೈ ಸೇದಿಹೋಗ" ಎಂದು ತನ್ನನ್ನೇ ಬೈದುಕೊಂಡಳು.

ಮೊದಲು ದೊಡ್ಡ ಅಂಗಡಿಗೆ ಹೋದಳು. ಅಲ್ಲಿಯವನು ನೋಡಿ, "ಇದನ್ನು ರಿಪೇರಿ ಮಾಡಿಸೋದು ದಂಡ ಅಮ್ಮಾ. ಇದನ್ನ ಕೊಟ್ಟು ಹೊಸದು ತಗೊಳ್ಳಿ, ಎಕ್ಸ್‌ಚೇಂಜ್ ಇದೆ" ಎಂದ. ಹೊಸದು ಮಿರಮಿರ ಮಿಂಚುತ್ತಿತ್ತು. ಹಾಲಮ್ಮನಿಗೂ ಆಸೆಯಾಯಿತು. ಹಳೆಯದನ್ನು ಅವನ ಕೈಗೆ ಕೊಟ್ಟೂ ಆಯಿತು. ಆಮೇಲೆ ಯಾಕೋ ಏನೋ, "ಇದನ್ನೇನು ಮಾಡ್ತೀರಪ್ಪಾ?" ಎಂದು ಕೇಳಿದಳು.

"ಇಲ್ಲಿಂದ ಲಾರಿಯಲ್ಲಿ ಹೋಗುತ್ತೆ ಅಮ್ಮಾ. ಯಾರೋ ಸರಿಮಾಡಿ ಯಾರಿಗೋ ಮಾರ್ತಾರೆ."

"ಒಳಗಿರೋದು?"

"ಡಿಸ್‌ಪ್ಲೇನೇ ಸತ್ತಿದೆಯಲ್ಲ, ಇಲ್ಲಿ ಅಳಿಸೋಕೆ ಬರೋಲ್ಲ. ನಿಮ್ಮದನ್ನ ಯಾರು ನೋಡ್ತಾರೆ ಬಿಡಿ."

ಹಾಲಮ್ಮ ಕೈ ಚಾಚಿದಳು. "ಕೊಡಪ್ಪಾ ಇಲ್ಲಿ. ಅದರೊಳಗೆ ಮುನ್ನೂರು ಮನೆ ಇದೆ. ಲಾರಿಗೆ ಹಾಕೋಕಾಗಲ್ಲ" ಎಂದು ಅದನ್ನು ವಾಪಸ್ ಇಸಿದುಕೊಂಡು ಹೊರಟಳು. ಅಷ್ಟರಮಟ್ಟಿಗೆ ಅವಳು ಜಾಣೆಯೇ. ಆದರೆ ಜಾಣತನ ಒಂದು ಬೀದಿಯ ಉದ್ದ ಬಂದರೆ ಹೆಚ್ಚು. ಮುಂದಿನ ಬೀದಿಯಲ್ಲಿ ಏನು ಮಾಡಿದಳು ಕೇಳು.

ಬಸ್ ನಿಲ್ದಾಣದ ಹಿಂದೆ ಜಬೀವುಲ್ಲಾ ಎಂಬವನ ರಿಪೇರಿ ಅಂಗಡಿ. ನಾಲ್ಕು ಜನ ನಿಂತರೆ ಐದನೆಯವನು ರಸ್ತೆಯಲ್ಲಿರಬೇಕು, ಅಷ್ಟು ಜಾಗ. ಅವನು ಟ್ಯಾಬನ್ನು ತಿರುಗಿಸಿ ನೋಡಿ, "ಆಗುತ್ತೆ ಅಮ್ಮಾ. ಗಾಜು ಇಲ್ಲಿ ಸಿಗಲ್ಲ, ಹುಬ್ಬಳ್ಳಿಯಿಂದ ತರಬೇಕು. ಶನಿವಾರ ಬನ್ನಿ" ಎಂದ. ರಿಪೇರಿಯವರು ಲಾಕ್ ನಂಬರು ಕೇಳುತ್ತಾರೆಂದು ಹಾಲಮ್ಮ ಯಾರಿಂದಲೋ ಕೇಳಿದ್ದಳು. ಇವನು ಕೇಳುವ ಮುಂಚೆಯೇ ಒಂದು ಚೀಟಿಯಲ್ಲಿ ನಂಬರು ಬರೆದು ಟ್ಯಾಬಿನ ಬೆನ್ನಿಗೆ ಅಂಟಿಸಿ ಕೊಟ್ಟಳು. ಆಟೋ ಹತ್ತಿದಳು. ಅರ್ಧ ದಾರಿಗೆ ಬಂದಾಗ ಮಾಡಿದ್ದೇನೆಂದು ಹೊಳೆಯಿತು. ಮುನ್ನೂರು ಮನೆಯ ಬೀಗ, ಬೀಗದ ಕೈ ಎರಡನ್ನೂ ಒಂದೇ ಕೈಗೆ ಕೊಟ್ಟು ಬಂದಿದ್ದಳು.

ಓಡೋಡಿ ವಾಪಸ್ ಬಂದರೆ ಷಟರ್ ಎಳೆದಿತ್ತು. ಪಕ್ಕದ್ದು ಪಾತ್ರೆ ಅಂಗಡಿ. ಅದರ ಮಾಲೀಕ ಕೊಟ್ರಪ್ಪ ಬೇರೆ ಯಾರೂ ಅಲ್ಲ, ರತ್ನಮಾಲಾಳನ್ನು ಒಪ್ಪಿದ ಹುಡುಗನ ಸೋದರಮಾವ!

"ಓಹೋ, ಹಾಲಮ್ಮಾರೇ! ನಿಮ್ಮ ಗಾಜಿಗೆ ಅಂತಲೇ ಹುಬ್ಬಳ್ಳಿ ಬಸ್ ಹತ್ತಿದ ನೋಡಿ. ಟ್ಯಾಬೂ ಜೊತೆಗೇ ಒಯ್ದ" ಎಂದು ಕೊಟ್ರಪ್ಪ ಬಾಯಿ ತುಂಬ ನಕ್ಕ. "ನಾನೂ ಅವನೂ ಇಪ್ಪತ್ತು ವರ್ಷದ ದೋಸ್ತರು. ಒಂದೇ ಲೋಟದ ಚಾ ಹಂಚಿಕೊಂಡು ಕುಡಿಯೋರು. ಅಲ್ಲ, ನಮ್ಮ ಹುಡುಗನಿಗೆ ನೋಡಿರೋ ಹುಡುಗಿ ವಿಷಯಾನೂ ಅದರಲ್ಲೇ ಇರಬೇಕಲ್ಲ?"

ಮನುಷ್ಯ ಕೆಟ್ಟವನಲ್ಲ. ಸುಮ್ಮನೆ ತಮಾಷೆಗೆ ಕೇಳಿದ. ಹಾಲಮ್ಮ ಮಾತ್ರ ಏನೋ ನೆಪ ಹೇಳಿ ಅಲ್ಲಿಂದ ಹೊರಟಳು.

ಮಾರನೆಯ ದಿನ ಅವಳು ನೇರ ರತ್ನಮಾಲಾಳ ಮನೆಗೆ ಹೋದಳು. ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. "ತಪ್ಪು ನನ್ನದು ತಾಯಿ. ನಿನ್ನ ಮಾತು ನನ್ನ ಕೈ ಮೀರಿ ಹೋಗಿದೆ. ಎಲ್ಲಿಗೆ ಹೋಗಿ ಮುಟ್ಟುತ್ತೋ ನನಗೆ ಗೊತ್ತಿಲ್ಲ" ಎಂದಳು.

ರತ್ನಮಾಲಾ ಅವಳ ಕೈ ಹಿಡಿದು ಕೂರಿಸಿದಳು. ಆಮೇಲೆ ಅಂದಳು: "ಅವರು ಒಪ್ಪದೇ ಹೋದರೂ ನನಗೆ ದುಃಖವಿಲ್ಲ ದೊಡ್ಡಮ್ಮ. ಆದರೆ ಅದು ನನ್ನ ಬಾಯಿಂದ ಅವರಿಗೆ ಗೊತ್ತಾಗಬೇಕು. ನಾನು ಹೇಳಿದರೆ ಅದು ನನ್ನ ಜೀವನದ ಮಾತು. ಇನ್ಯಾರಾದರೂ ಹೇಳಿದರೆ ಬರೀ ಚಾಡಿ."

ಆ ಎರಡು ದಿನ ಹಾಲಮ್ಮನಿಗೆ ತುತ್ತು ಇಳಿಯಲಿಲ್ಲ. ಮೂವತ್ತು ವರ್ಷ ಬಾಯಿ ಕಟ್ಟಿ ಉಳಿಸಿಕೊಂಡದ್ದನ್ನು ಒಂದು ಚೀಟಿಯಲ್ಲಿ ಕಳೆದುಕೊಂಡೆನಲ್ಲ ಎಂದು ಕೊರಗಿದಳು. ದೇವರ ಮುಂದೆ ಕೂತರೂ ಕೊಟ್ರಪ್ಪನ ನಗುಮುಖವೇ ಕಣ್ಣಿಗೆ ಬರುತ್ತಿತ್ತು.

ಶನಿವಾರ ಬಾಗಿಲು ತೆಗೆಯುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿದ್ದಳು. ಜಬೀವುಲ್ಲಾ ಟ್ಯಾಬನ್ನು ಬಟ್ಟೆಯಲ್ಲಿ ಒರೆಸಿ ಅವಳ ಮುಂದಿಟ್ಟ. ಗಾಜು ಹೊಸದಾಗಿತ್ತು. ಹಾಲಮ್ಮ ಗಾಜು ನೋಡಲಿಲ್ಲ, ಬೆನ್ನು ತಿರುಗಿಸಿದಳು. ಚೀಟಿಯ ಮೇಲೆ ಕಪ್ಪು ಟೇಪು ಅಡ್ಡಡ್ಡ ಅಂಟಿಸಿತ್ತು.

"ನೀವು ಹೋದ ಕೂಡಲೇ ಅಂಟಿಸಿದೆ ಅಮ್ಮಾ. ಹುಬ್ಬಳ್ಳಿಯಲ್ಲಿ ಹತ್ತು ಕೈ ಮುಟ್ಟುತ್ತೆ. ಬಿಟ್ಟು ಹೋಗೋಣ ಅಂದರೆ ಇಲ್ಲಿ ಷಟರಿನ ಬೀಗ ಸರಿಯಿಲ್ಲ, ಅದಕ್ಕೇ ಜೊತೆಗೇ ಒಯ್ದೆ."

"ಮತ್ತೆ ಗಾಜು ಸರಿ ಕೂತಿದೆ ಅಂತ ಹೇಗೆ ನೋಡಿದೆ? ಬೀಗ ತೆಗೀಬೇಡವೇನು?"

"ಯಾಕೆ ಬೇಕು? ಲಾಕ್ ತೆಗೆಯೋ ಅಂಕಿಗಳು ಗಾಜಿನ ಮೇಲೇ ಬರುತ್ತಲ್ಲ. ಟ್ಯಾಬನ್ನ ನಾಲ್ಕೂ ಕಡೆ ತಿರುಗಿಸಿ ಅವನ್ನೇ ಒತ್ತಿ ನೋಡಿದೆ. ಎಲ್ಲ ಮೂಲೆಯಲ್ಲೂ ಬೆರಳು ಹಿಡಿಯುತ್ತೆ. ಒಳಗಿನದು ಇದೆಯೋ ಇಲ್ಲವೋ ನೀವೇ ತೆಗೆದು ನೋಡಿ." ಹಾಗೆಂದು ಅವನು ಮುಖವನ್ನು ರಸ್ತೆಯ ಕಡೆ ತಿರುಗಿಸಿ ನಿಂತ.

ಹಾಲಮ್ಮ ತೆಗೆದು ನೋಡಿದಳು. ಮುನ್ನೂರು ಮನೆಯೂ ಇದ್ದವು. ಆಮೇಲೆ, "ಕೊಟ್ರಪ್ಪ ಏನೂ ಕೇಳಲಿಲ್ಲವೇನಪ್ಪಾ?" ಎಂದಳು.

"ಕೇಳದೆ ಬಿಡ್ತಾನಾ! 'ನೀನು ಪಾತ್ರೆ ಮಾರ್ತೀಯಲ್ಲೋ, ಯಾರ ಮನೇಲಿ ಏನು ಸಾರು ಬೇಯುತ್ತೆ ಅಂತ ಮುಚ್ಚಳ ತೆಗೆದು ನೋಡ್ತೀಯಾ' ಅಂದೆ. ಅವನೂ ನಕ್ಕು ಚಾ ಹೇಳಿದ." ಆಮೇಲೆ ಸ್ವಲ್ಪ ಗಟ್ಟಿಯಾಗಿಯೇ ಅಂದ: "ಆದರೆ ಅಮ್ಮಾ, ನಂಬರು ಈಗಲೇ ಬದಲಾಯಿಸಿ. ಮುಂದೆ ಹೊಸದು ತಗೊಂಡರೆ ಒಳಗಿನದನ್ನೆಲ್ಲ ಅದಕ್ಕೆ ಇಳಿಸಿಕೊಂಡು, ಹಳೇದನ್ನ ಪೂರ್ತಿ ಅಳಿಸಿ ಕೊಡಿ. ಎಲ್ಲರೂ ಟೇಪು ಅಂಟಿಸ್ತಾರೆ ಅಂತ ತಿಳ್ಕೋಬೇಡಿ."

ಅಲ್ಲೇ ಕೂತು ಹಾಲಮ್ಮ ನಂಬರು ಬದಲಾಯಿಸಿದಳು. ಅವನ ಮಾತು ನಂಬು ಎಂದು ಮನಸ್ಸು ಹೇಳಿತು. ಅನುಮಾನ ಮಾತ್ರ ಹೋಗಲಿಲ್ಲ. ನೋಡಲಿಲ್ಲ ಎಂಬುದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅವಳ ಜಾಗದಲ್ಲಿ ನಾನಿದ್ದರೂ ನನಗೆ ಹೋಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಭಾನುವಾರ ಬಂತು. ಹುಡುಗ, ಹುಡುಗನ ತಾಯಿ, ಕೊಟ್ರಪ್ಪ ಮೂವರೂ ಬಂದರು. ದೊಡ್ಡವರು ಪಡಸಾಲೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತರು. ಹುಡುಗ ಹುಡುಗಿ ಹಿತ್ತಲ ಕಟ್ಟೆಯ ಮೇಲೆ ಕೂತರು. ಹಾಲಮ್ಮ ಬಾಗಿಲ ಹತ್ತಿರ ಕೂತು ಹುಡುಗನ ಮುಖವನ್ನೇ ನೋಡುತ್ತಿದ್ದಳು. ರತ್ನಮಾಲಾ ಮಾತಾಡಿದಳು. ಹುಡುಗ ಬೆಚ್ಚಿದ. ತಲೆ ಎತ್ತಿ ಅವಳನ್ನು ನೋಡಿದ, ಮತ್ತೆ ನೆಲ ನೋಡಿದ. ಆ ಮಾತು ಅವನ ಕಿವಿಗೆ ಮೊದಲ ಸಲ ಬೀಳುತ್ತಿದೆ ಎಂದು ಹಾಲಮ್ಮನಿಗೆ ಆಗ ತಿಳಿಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಕೊಟ್ರಪ್ಪ ಗಾಬರಿಯಾಗಿ, "ಮಿರ್ಚಿ ಖಾರ ಆಯ್ತೇನ್ರೀ?" ಎಂದು ನೀರು ತಂದುಕೊಟ್ಟ.

ಹುಡುಗ ಎರಡು ಮಾತು ಕೇಳಿದ. ರತ್ನಮಾಲಾ ಎರಡಕ್ಕೂ ಉತ್ತರ ಕೊಟ್ಟಳು. ಕೊನೆಗೆ ಅವನು, "ನೀವೇ ಹೇಳಿದ್ದು ಒಳ್ಳೆಯದಾಯಿತು. ಬೇರೆಯವರಿಂದ ಬಂದಿದ್ದರೆ ನಾನು ಈ ಮನೆಗೆ ಕಾಲಿಡುತ್ತಿರಲಿಲ್ಲವೇನೋ" ಎಂದ. ಆಮೇಲೆ ತಾನೇ ತಾಯಿಯನ್ನು ಕರೆದು ಕೂರಿಸಿ ವಿಷಯ ತಿಳಿಸಿದ. ಸಂಜೆಗೆ ಸಂಬಂಧ ಗಟ್ಟಿಯಾಯಿತು.

ಸೋಮವಾರ ಹಾಲಮ್ಮ ಒಂದು ಡಬ್ಬಿ ಹೋಳಿಗೆ ಹಿಡಿದು ರಿಪೇರಿ ಅಂಗಡಿಗೆ ಹೋದಳು. ಡಬ್ಬಿ ಇಟ್ಟು, ತನ್ನ ಮಗನ ವಯಸ್ಸಿನವನಿಗೆ ಎರಡೂ ಕೈ ಜೋಡಿಸಿ ಮುಗಿದಳು.

"ಅಯ್ಯಯ್ಯೋ, ಇದೇನಮ್ಮಾ!" ಎಂದು ಜಬೀವುಲ್ಲಾ ಎದ್ದು ನಿಂತ. "ಗಾಜಿನ ದುಡ್ಡು ಅವತ್ತೇ ಕೊಟ್ಟಿದ್ದೀರಿ. ಮತ್ತೆ ನಾನೇನು ಮಾಡಿದೆ ಅಂತ?"

"ಏನೂ ಮಾಡಲಿಲ್ಲವಲ್ಲಪ್ಪಾ, ಅದಕ್ಕೇ" ಎಂದಳು ಹಾಲಮ್ಮ. "ಮೂವತ್ತು ವರ್ಷದಲ್ಲಿ ನನಗೆ ಏನೇನೋ ಮಾಡಿದವರು ಬಹಳ ಜನ ಇದ್ದಾರೆ. ಅವರಿಗೆಲ್ಲ ಒಂದೊಂದು ಸೀರೆ, ಪಂಚೆ ಕೊಟ್ಟು ಋಣ ತೀರಿಸಿದೀನಿ. ನಿನ್ನದನ್ನ ಹೇಗೆ ತೀರಿಸಲಿ ಅಂತ ನನಗೆ ಗೊತ್ತಾಗ್ತಿಲ್ಲ. ಒಂದು ಹೆಣ್ಣುಮಗು ತನ್ನ ಮಾತನ್ನ ತಾನೇ ಆಡೋ ಹಾಗಾಯ್ತು. ಹೋಳಿಗೆ ತಿನ್ನು."

ಅವನಿಗೆ ಪೂರ್ತಿ ಅರ್ಥವಾಗಲಿಲ್ಲ. ಏನು ಎತ್ತ ಎಂದು ಕೇಳಲೂ ಇಲ್ಲ. ಒಂದು ಹೋಳಿಗೆ ತಾನು ಮುರಿದುಕೊಂಡು, ಇನ್ನೊಂದನ್ನು ಪಾತ್ರೆ ಅಂಗಡಿಗೆ ಕಳಿಸಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು. "ಅರ್ಥವಾಯಿತು ಗುರುಗಳೇ. ನಾಳೆಯಿಂದ ಆ ಮಾತನ್ನು ಮನಸ್ಸಿಟ್ಟು ಹೇಳುತ್ತೇನೆ. ನಮಗೆ ಗೊತ್ತಿಲ್ಲದೆ ನಮ್ಮನ್ನು ಕಾಪಾಡಿದವರು ಎಷ್ಟು ಜನರೋ!" ಎಂದ.

ಗುರುಗಳು ತಲೆದೂಗಿದರು. ಶಿಷ್ಯ ಏಳಲಿಲ್ಲ. ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದ: "ಅಲ್ಲ ಗುರುಗಳೇ, ಆ ರತ್ನಮಾಲಾಳದು ಹೇಳಬೇಕಾದ್ದು ಅಂತ ಇತ್ತಲ್ಲ, ಅದೇನು?"

ಗುರುಗಳು ಅವನ ಮುಖ ನೋಡಿ ಹೇಳಿದರು: "ಬೀಗದ ಕೈ ಸಿಕ್ಕವನೇ ತೆಗೆದು ನೋಡಲಿಲ್ಲ, ನಿನಗೆ ಯಾಕಪ್ಪಾ ಅದು?"