ಮಸಿಯಕ್ಕನ ಮೆಲುಕು

ಬಿದಿರುಮೆಳೆಗಳ ನಡುವೆ ಒಂದು ಕೊಳ. ಅದರ ದಂಡೆಯಲ್ಲಿ ಮಸಿಯಕ್ಕ ಎಂಬ ಎಮ್ಮೆ ತನ್ನ ಎಳೆಗರುವಿನೊಂದಿಗೆ ಇದ್ದಳು. ಅವಳ ಬೆನ್ನೇರಿ ಉಣ್ಣೆಹುಳ ಹೆಕ್ಕುವ ಗೊರವಂಕ ಹಕ್ಕಿ ಅವಳಿಗೆ ಅಚ್ಚುಮೆಚ್ಚಿನ ಗೆಳತಿ.

ಒಂದು ದಿನ ಮಸಿಯಕ್ಕ ನೀರಿಗಿಳಿದಾಗ ಅಲ್ಲೇ ಮೀನು ಹಿಡಿಯುತ್ತಿದ್ದ ಕೊಕ್ಕರೆ ಉಳಿದ ಹಕ್ಕಿಗಳೆದುರು ಮೂಗು ಮುರಿಯಿತು. "ಇವಳು ಇಳಿದರೆ ಕೊಳವೆಲ್ಲ ರಾಡಿ. ನಾಚಿಕೆಯಾದರೂ ಬೇಡವೇ?"

ಎಂಥ ಮಾತು ನೋಡಿ ಮಕ್ಕಳೇ! ಆ ರಾಡಿಯಲ್ಲಿ ಮೇಲೆದ್ದ ಮೀನು ತಿಂದೇ ಕೊಕ್ಕರೆಯ ಹೊಟ್ಟೆ ತುಂಬುತ್ತಿದ್ದುದು! ಮಸಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸರಸರನೆ ದಡ ಹತ್ತಿದಳು.

ಅಲ್ಲಿ ಮಲಗಿದ ಮೇಲೆ ಬಾಯಿಗೆ ಬೇಕಾದಷ್ಟು ಮಾತು ಬಂತು. "ನನ್ನಿಂದಲೇ ತಿಂದು ನನಗೇ ಅಂದಳಲ್ಲ!" ಹುಲ್ಲನ್ನು ಬಿಟ್ಟು ಆ ಮಾತನ್ನೇ ಮೆಲುಕು ಹಾಕತೊಡಗಿದಳು. ಮೂರು ದಿನ ಅದೇ ಕೆಲಸ. ಕರು ಬಾಯಿ ಹಾಕಿದರೆ ಕೆಚ್ಚಲಿಂದ ಹಾಲಿಳಿಯಲಿಲ್ಲ. ಸಿಟ್ಟಿನಲ್ಲಿ ಅದನ್ನು ಒದ್ದೂಬಿಟ್ಟಳು. ಕರು ಬಡಕಲಾಗಿ ನಿಲ್ಲಲಾರದೆ ಕುಸಿಯಿತು.

ಗೊರವಂಕಕ್ಕೆ ತಾಳ್ಮೆ ತಪ್ಪಿತು. "ಸಾಕು ಮಾಡಕ್ಕ! ಹುಲ್ಲಾದರೆ ಅಗಿದು ನುಂಗ್ತೀಯ. ಈ ಮಾತನ್ನ ಯಾವಾಗ ನುಂಗ್ತೀಯ?"

"ತಪ್ಪು ಅವಳದ್ದು!"

"ಅವಳದ್ದೇ. ಉಪವಾಸ ಮಾತ್ರ ನಿನ್ನ ಕರುವಿಗೆ."

ಮಸಿಯಕ್ಕ ಕರುವನ್ನು ನೋಡಿದಳು. ಅದರ ಬಡಕಲು ಮೈಯನ್ನು ನೆಕ್ಕಿದಳು. ಕೊಂಬು ಕೊಡವಿ ಆ ಮಾತನ್ನು ಓಡಿಸಲು ನೋಡಿದಳು. "ಮತ್ತೆ ಬರುತ್ತಲ್ಲೇ, ಹಾಳಾದ್ದು!"

"ಓಡಿಸಬೇಡ, ಅಗಿಯಲೂ ಬೇಡ. ಬಂದಾಗ 'ಬಂತು' ಅನ್ನು. ಮೂಗಿನಲ್ಲಿ ಉಸಿರು ಹೋಗಿಬರೋದನ್ನ ಗಮನಿಸ್ತಾ ಇರು."

ಮಸಿಯಕ್ಕ ಎದ್ದು ನಿಂತಳು. ಮಾತು ಬಂತು. "ಬಂತು" ಅಂದಳು. ಎದೆ ಉರಿಯಿತು. "ಉರೀತಿದೆ" ಅಂದಳು. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಹತ್ತು ಸಲ ಹೀಗಾಯಿತು. ಹನ್ನೊಂದನೆಯ ಸಲ ಮಾತು ಬರುವುದು ತಡವಾಯಿತು. ಆ ಬಿಡುವಿನಲ್ಲಿ, ತಡವರಿಸುತ್ತ ಎದ್ದ ಕರುವಿನ ಮೂತಿ ಕೆಚ್ಚಲಿಗೆ ತಗುಲಿದ್ದು ಅವಳಿಗೆ ತಿಳಿಯಿತು. ಸರ್ರನೆ ಹಾಲಿಳಿಯಿತು. ಕರು ಬಾಲ ಅಲ್ಲಾಡಿಸುತ್ತ ಕುಡಿಯಿತು.

ಮರುದಿನ ಮಸಿಯಕ್ಕ ನೇರ ಕೊಳಕ್ಕೆ ಹೋದಳು. "ಕೊಕ್ಕರಮ್ಮಾ, ಅವತ್ತು ನೀನು ಅಂದದ್ದು ತಪ್ಪು."

"ನಾನೇನಂದೆ? ನೆನಪೇ ಇಲ್ಲವಲ್ಲ!"

ನೆನಪೇ ಇಲ್ಲವಂತೆ! ಮಸಿಯಕ್ಕನಿಗೆ ಮತ್ತೆ ರೇಗಿತು. "ಬಂತು" ಅಂದುಕೊಂಡಳು. ಒಮ್ಮೆ ಉಸಿರೆಳೆದುಕೊಂಡು ಧೊಪ್ಪನೆ ನೀರಿಗಿಳಿದಳು. ಕೊಳವೆಲ್ಲ ರಾಡಿಯಾಯಿತು. ಕೊಕ್ಕರೆ ಆ ರಾಡಿಯಲ್ಲೇ ಮೀನು ಹೆಕ್ಕತೊಡಗಿತು.

ನೀತಿ: ನೋಯಿಸಿದ ಮಾತು ನೆನಪಿಗೆ ಬಂದರೆ ಬಂತೆಂದು ನೋಡಿ ಬಿಡಬೇಕು; ಅದನ್ನೇ ಮೆಲುಕು ಹಾಕುತ್ತ ಕೂತರೆ ನಮ್ಮವರೇ ಉಪವಾಸ ಬೀಳುತ್ತಾರೆ.